ಮೊದಲನೇ ಸಲದ ನೀರು

ಮೇಡಂ ಲೋಟವನ್ನು ತುಟಿಗೆ ತಾಗಿಸದೆ ಎತ್ತಿ ಕುಡಿಯುತ್ತಿದ್ದರು. ಕತ್ತು ಹಿಂದಕ್ಕೆ ಬಾಗಿ ಗಂಟಲು ಏರಿಳಿಯುತ್ತಿದ್ದರೂ ಕಣ್ಣು ಮಾತ್ರ ಓರೆಯಾಗಿ, ನೀರು ತಂದುಕೊಟ್ಟ ಮಗುವಿನ ಮೇಲೇ ಇರುತ್ತಿತ್ತು.

ಅವರು ಮಕ್ಕಳ ರಕ್ಷಣಾ ಘಟಕದ ಅಧಿಕಾರಿ. ಯಲಹಂಕ, ಹೆಬ್ಬಾಳದ ಕಡೆಯಿಂದ ದೂರು ಬಂದರೆ ಮನೆಗೆ ಹೋಗಿ ವಿಚಾರಿಸುವುದು ಅವರ ಕೆಲಸ. ನಾನು ಪತ್ರಿಕೆಯ ವರದಿಗಾರ. ಹೆಸರು, ವಿಳಾಸ ಬರೆಯುವುದಿಲ್ಲ ಎಂಬ ಷರತ್ತಿನ ಮೇಲೆ ಕೆಲವು ಸಲ ಅವರ ಜೀಪಿನಲ್ಲಿ ಹೋಗಿದ್ದೆ. "ಏನ್ರೀ ಪೇಪರ್‌ನವರ, ಬಾಯಿ ಮನ್ಯಾಗ ಬಿಟ್ಟು ಬಂದೀರಿಲ್ಲೋ?" ಎಂದು ಕೇಳಿಯೇ ಹತ್ತಿಸಿಕೊಳ್ಳುತ್ತಿದ್ದರು.

ಗದಗದ ಕಡೆಯವರು. ಬಂದವರಿಗೆ ಮೊದಲು ನೀರು, ಬೆಲ್ಲ ಕೊಡುವ ಮನೆಯಲ್ಲಿ ಬೆಳೆದವರು. ಆ ಪದ್ಧತಿಯನ್ನೇ ತನಿಖೆಗೆ ಒಗ್ಗಿಸಿಕೊಂಡಿದ್ದರು. ಯಾವ ಮನೆಗೆ ಹೋದರೂ ಕುಳಿತ ಕೂಡಲೇ ಮಗುವಿಗೆ, "ಒಂದ್ ಲೋಟ ನೀರು ಕೊಡ ತಂಗಿ" ಎನ್ನುತ್ತಿದ್ದರು. ಹೆದರಿದ ಮಗು ಮೊದಲು ದೊಡ್ಡವರ ಮುಖ ನೋಡುತ್ತದೆ, ಆಮೇಲೆ ಅಡುಗೆಮನೆಗೆ ಹೋಗುತ್ತದೆ ಎಂಬುದು ಅವರ ಲೆಕ್ಕ. ತಣಿಸಂದ್ರದ ಒಂದು ಮನೆಯಲ್ಲಿ ಹುಡುಗನೊಬ್ಬ ಒಳಗಿನಿಂದ, "ಅಮ್ಮಾ, ಒಳ್ಳೇ ಲೋಟದಲ್ಲಾ, ನಮ್ ಲೋಟದಲ್ಲಾ?" ಎಂದು ಕೂಗಿದ. ತಾಯಿಗೆ ನಾಚಿಕೆಯಾಯಿತು, ಮೇಡಂ ನಕ್ಕುಬಿಟ್ಟರು. ಜೀಪು ಹತ್ತುವಾಗ, "ಇದು ಛಲೋ ಮನಿ" ಎಂದರು.

ಅಟ್ಟೂರಿನ ಮನೆಗೆ ಹೋದಾಗಲೂ ನಾನು ಜೊತೆಗಿದ್ದೆ. ನೀರು ತಂದದ್ದು ಒಂಬತ್ತೋ ಹತ್ತೋ ವರ್ಷದ, ತುಂಬುತೋಳಿನ ಅಂಗಿ ತೊಟ್ಟ ಹುಡುಗಿ. "ನಮ್ಮ ಅಕ್ಕನ ಮಗಳು, ಓದ್ಸೋಕೆ ಅಂತ ಇಟ್ಕೊಂಡಿದ್ದೀವಿ" ಎಂದರು ಮನೆಯಾಕೆ. ಹುಡುಗಿ ಯಾರ ಮುಖವನ್ನೂ ನೋಡಲಿಲ್ಲ. ತಟ್ಟೆಯ ಮೇಲಿದ್ದ ಎರಡು ಲೋಟಗಳೂ ಅಂಚಿನವರೆಗೆ ತುಂಬಿದ್ದವು, ಒಂದು ಹನಿಯೂ ಚೆಲ್ಲಿರಲಿಲ್ಲ. ನಾವು ಕುಡಿದು ಮುಗಿಸುವವರೆಗೆ ಕೈಕಟ್ಟಿ ನಿಂತು, ಖಾಲಿ ಲೋಟಗಳನ್ನು ಒಯ್ದಳು.

"ಎಷ್ಟ್ ಚಂದ ಕಲಿಸೀರಿ" ಎಂದು ಮೇಡಂ ಮೆಚ್ಚಿದರು. ಅವರ ಊರಿನಲ್ಲಿ ಹಾಗೆ ನೀರು ಕೊಡುವ ಹುಡುಗಿಯನ್ನು ಒಳ್ಳೆಯ ಮನೆಯ ಮಗಳು ಎನ್ನುತ್ತಾರೆ. ತೊಂದರೆ ಕಾಣಲಿಲ್ಲ ಎಂದು ವರದಿ ಹೋಯಿತು.

ಕೆಲವು ವಾರಗಳ ನಂತರ, ದೂರು ಕೊಟ್ಟಿದ್ದ ಪಕ್ಕದ ಮನೆಯ ಹೆಂಗಸು ಕಚೇರಿಗೇ ಬಂದರು. ಹಸು ಕಟ್ಟಿಕೊಂಡು ಬದುಕುವ, ಹಳೇ ಅಟ್ಟೂರಿನವರು. "ಇಂಗೇನಮ್ಮಾ ನೋಡಾದು? ನೆಂಟರ ಮನೇಗ್ ಬಂದಂಗೆ ನೀರ್ ಕುಡ್ದು ಎದ್ ಬಂದ್ಬಿಟ್ರಲ್ಲ! ಆ ಕೂಸು ಅಳಾದು ನಮ್ ಕೊಟ್ಟಿಗೇಗ್ ಕೇಳುಸ್ತದೆ."

ಮೇಡಂ ಆಗಲೇ ಹೊರಟರು. ನನ್ನನ್ನೂ ಕರೆದರು. ಈ ಸಲ ಅವರು ನೀರು ಕೇಳಲಿಲ್ಲ, ಮನೆಯಾಕೆಯೇ ತರಿಸಿದರು. ಮೇಡಂ ಸೆರಗು ತಾಗಿ ಲೋಟ ಉರುಳಿತು. ಹುಡುಗಿ ಮಂಡಿಯೂರಿ ತನ್ನ ಲಂಗದಿಂದಲೇ ನೆಲ ಒರೆಸತೊಡಗಿದಳು. "ನಾನ್ ಚೆಲ್ಲಿಲ್ಲ ಆಂಟಿ, ನಾನಲ್ಲ..." ಇನ್ನೊಂದು ಕೈಯನ್ನು ತಲೆಗೆ ಅಡ್ಡ ಹಿಡಿದಿದ್ದಳು. ಆ ಕೈಯ ಮೇಲಿನ ಅಂಗಿಯ ತೋಳು ಮೊಣಕೈವರೆಗೆ ಜಾರಿತು. ಇಸ್ತ್ರಿಪೆಟ್ಟಿಗೆಯ ಸುಟ್ಟ ಗುರುತು ಎರಡಿದ್ದವು. ಒಂದು ಹಳೆಯದು, ಒಂದು ಇನ್ನೂ ಮಾಯದ್ದು.

ಅವಳು ಸಂಬಂಧಿಯಲ್ಲ, ಮನೆಗೆಲಸಕ್ಕೆಂದು ತಂದಿಟ್ಟುಕೊಂಡ ಮಗು ಎಂಬುದು ಆಮೇಲೆ ತಿಳಿಯಿತು. ಅವಳನ್ನು ಆಸ್ಪತ್ರೆಗೆ ಕರೆದೊಯ್ಯುವಾಗ ಹೆಬ್ಬಾಳದ ಫ್ಲೈಓವರ್ ಮೇಲೆ ಜೀಪು ಸಿಕ್ಕಿಹಾಕಿಕೊಂಡಿತು. ಹುಡುಗಿ ಮೇಡಂ ಮಡಿಲಲ್ಲಿ ನಿದ್ದೆ ಹೋಗಿದ್ದಳು.

"ಹಳೇದು ಅವರದು," ಎಂದರು ಮೇಡಂ, ತಗ್ಗಿದ ದನಿಯಲ್ಲಿ. "ಹೊಸಾದು ನಂದ್ರೀ."

ನಿಮಗೆ ಹೇಗೆ ಗೊತ್ತಾಗಬೇಕಿತ್ತು ಎಂದೆ.

"ಸಮಾಧಾನ ಬ್ಯಾಡ. ಬರೀರಿ. ನಾ ಮೊದಲನೇ ಸಲನೂ ಹೋಗಿದ್ದೆ ಅಂತ ಬರೀರಿ."

ಬರೆದೆ. ಜಾಗ ಸಾಲದೆ ಪತ್ರಿಕೆಯ ಡೆಸ್ಕಿನವರು ಆ ಸಾಲು ಕತ್ತರಿಸಿದರು. ಮಗುವನ್ನು ಕಾಪಾಡಿದ ಅಧಿಕಾರಿ ಎಂದು ಶೀರ್ಷಿಕೆ ಬಂತು. ಬೆಳಿಗ್ಗೆಯೇ ಫೋನ್: "ಎಲ್ರೀ ನನ್ನ ಸಾಲು? ಮಂದಿ ಹಾರ ಹಾಕಾಕ ಬರಾಕತ್ಯಾರ."

ಅಲ್ಲಿಂದಾಚೆ ಅವರು ಯಾವ ಮಗುವಿನ ಕೈಯಲ್ಲೂ ನೀರು ತರಿಸಲಿಲ್ಲ. ಚೀಲದಲ್ಲಿ ಸ್ಟೀಲ್ ಬಾಟಲಿ ಇರುತ್ತಿತ್ತು. ಒಮ್ಮೆ ಹೋದ ಮನೆಗೆ ಹೇಳದೆ ಮತ್ತೊಮ್ಮೆ ಹೋಗುತ್ತಿದ್ದರು. "ಮೊದಲ ಸಲ ನಾವು ನೆಂಟರರೀ. ಕೆಲಸ ಚಾಲೂ ಆಗೂದು ಎರಡನೇ ಸಲಕ್ಕ."

ನಿವೃತ್ತರಾಗಿ ಸಹಕಾರನಗರದ ಮನೆಯಲ್ಲಿ ಹಾಸಿಗೆ ಹಿಡಿದಿದ್ದಾಗ ಆ ಹುಡುಗಿ ನೋಡಲು ಬಂದಳು. ಕಾಲೇಜು ಸೇರಿದ್ದಳು. ನಾನೂ ಅಲ್ಲಿದ್ದೆ. ಮೇಡಂ ಅವಳ ತೋಳು ಹಿಡಿದು, "ಮೊದಲನೇ ಸಲ ಬಂದಾಗ ನಿನ್ನ ಅಲ್ಲೇ ಬಿಟ್ಟು ಹೋದ್ನಲ್ಲ ತಂಗಿ, ತಪ್ಪಾತು" ಎಂದರು.

ಅವಳು ಯೋಚಿಸಿದಳು. "ಮೊದಲ್ನೇ ಸಲನಾ? ನೆನಪಿಲ್ಲ ಮೇಡಂ. ತುಂಬಾ ಜನ ಬರ್ತಿದ್ರು. ಎಲ್ರಿಗೂ ನೀರು ಕೊಡ್ತಿದ್ದೆ."

ಸಮಾಧಾನವಾಗಲೆಂದೇ ಹೇಳಿದ್ದಳು. ಮೇಡಂ ಗೋಡೆಯ ಕಡೆ ಹೊರಳಿದರು.

ಕೆಲವೇ ದಿನಗಳಲ್ಲಿ ತೀರಿಕೊಂಡರು. ಶ್ರದ್ಧಾಂಜಲಿಗೆ ಬಂದವರೆಲ್ಲ ಅಟ್ಟೂರಿನ ಮಗುವನ್ನು ಕಾಪಾಡಿದ್ದನ್ನೇ ನೆನೆದರು. ಹುಡುಗಿಗೆ ನೆನಪಿಲ್ಲದ, ಪತ್ರಿಕೆಯಲ್ಲಿ ಅಚ್ಚಾಗದ ಸಾಲು ನನ್ನ ಬಳಿಯೇ ಉಳಿದಿತ್ತು. ಅವರು ಕೇಳಿದಂತೆ ಬರೆಯುತ್ತಿದ್ದೇನೆ: ಮೇಡಂ ಆ ಮನೆಗೆ ಮೊದಲನೇ ಸಲವೂ ಹೋಗಿದ್ದರು. ನೀರು ಕುಡಿದು ಎದ್ದು ಬಂದರು. ನಾನೂ ಕುಡಿದಿದ್ದೆ.