ಮುಳ್ಳು ಸಮೇತ ಡಬ್ಬದ ಮೀನು

ನನ್ನ ಅತ್ತೆ ಬೀದಿ ನಲ್ಲಿಯ ಹತ್ತಿರ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡರು. ಅವರ ಕೈಯಲ್ಲಿದ್ದ ಬಿಂದಿಗೆಗೆ ಏನೂ ಆಗಲಿಲ್ಲ. ಇದನ್ನು ಅವರು ಆಸ್ಪತ್ರೆಯಲ್ಲಿ ಮೂರು ಜನಕ್ಕೆ ಹೇಳಿದರು. ಮೂಳೆ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡಿ, ಮುರಿದದ್ದು ಕೂಡಿಕೊಳ್ಳುತ್ತದೆ, ಆದರೆ ಮೂಳೆಗಳೆಲ್ಲ ಸವೆದಿವೆ, ಇನ್ನೊಂದು ಸಲ ಬೀಳಬಾರದು ಎಂದರು. ಮಾತ್ರೆ ಬರೆದುಕೊಟ್ಟು, ಊಟದಲ್ಲಿ ರಾಗಿ, ಹಾಲು, ಮೀನು ಇರಲಿ ಎಂದರು.

ರಾಗಿಯನ್ನು ಅತ್ತೆ ಹಲ್ಲು ಬಂದಾಗಿನಿಂದ ತಿನ್ನುತ್ತಿದ್ದಾರೆ. ಹಾಲು ಅವರ ಹೊಟ್ಟೆಗೆ ಆಗುವುದಿಲ್ಲ. ಉಳಿದದ್ದು ಮೀನು. ಅದನ್ನು ಅವರು ಇಪ್ಪತ್ತು ವರ್ಷಕ್ಕೂ ಮೇಲಿಂದ ಮುಟ್ಟಿರಲಿಲ್ಲ. ನಾನು ಮದುವೆಯಾಗಿ ಕೋರಮಂಡಲ್‌ನ, ಚಿನ್ನದ ಗಣಿ ಕಾರ್ಮಿಕರಿಗೆಂದು ಸಾಲಾಗಿ ಕಟ್ಟಿದ ಈ ಲೈನ್ ಮನೆಗೆ ಬಂದ ಮೊದಲನೇ ವಾರವೇ ವಿಷಯ ತಿಳಿಸಲಾಗಿತ್ತು: ಅತ್ತೆಯ ಗಂಟಲಿಗೆ ಒಮ್ಮೆ ಮೀನಿನ ಮುಳ್ಳು ಸಿಕ್ಕಿಕೊಂಡಿತ್ತು, ಆದ್ದರಿಂದ ಈ ಮನೆಯಲ್ಲಿ ಮೀನಿಲ್ಲ. ನನಗೆ ಮೀನು ಇಷ್ಟ. ಬೇಕೆನಿಸಿದಾಗ ತವರಿಗೆ ಹೋಗಿ ತಿಂದು ಬರುತ್ತಿದ್ದೆ.

ಕೈಗೆ ಪ್ಲಾಸ್ಟರಿನ ಹಿಟ್ಟು ಕಟ್ಟುತ್ತಿದ್ದ ನರ್ಸಮ್ಮ ಇದನ್ನೆಲ್ಲ ಕೇಳಿಸಿಕೊಂಡರು. ಅವರು ಕೆಲವು ವರ್ಷ ಗಲ್ಫ್‌ನಲ್ಲಿ ಕೆಲಸ ಮಾಡಿ ಬಂದವರು. "ಡಬ್ಬದಲ್ಲಿ ಬರೋ ಸಾಲ್ಮನ್ ಮೀನು ಕೊಟ್ಟು ನೋಡಿ. ಡಬ್ಬದೊಳಗೇ ಬೇಯಿಸಿರ್ತಾರೆ, ಮುಳ್ಳೆಲ್ಲ ಮೆತ್ತಗಾಗಿರುತ್ತೆ. ಮುಳ್ಳಲ್ಲೇ ಇರೋದು ಕ್ಯಾಲ್ಸಿಯಂ. ತೆಗೆದು ಬಿಸಾಡಬೇಡಿ" ಎಂದರು.

ಅತ್ತೆ ನನ್ನ ಮುಖ ನೋಡಿದರು. "ಮುಳ್ಳು ತಿನ್ನು ಅಂತವ್ರಲ್ಲಮ್ಮ ಇವ್ರು" ಎಂದರು, ನರ್ಸಮ್ಮ ಅಲ್ಲಿ ಇಲ್ಲವೇ ಇಲ್ಲ ಎನ್ನುವಂತೆ.

ನಾನು ಬಂಗಾರಪೇಟೆಯ ಒಂದು ಅಂಗಡಿಯಲ್ಲಿ ಬ್ಲೌಸ್ ಹೊಲಿಯುತ್ತೇನೆ. ಬೆಳಗಿನ ರೈಲಿಗೆ ಹೋಗಿ ಸಂಜೆ ರೈಲಿಗೆ ಬರುತ್ತೇನೆ. ಮಾರನೆಯ ದಿನ ಊಟದ ಹೊತ್ತಿನಲ್ಲಿ ಬಜಾರಿನ ಹೊಸ ಸೂಪರ್ ಮಾರ್ಕೆಟ್ಟಿಗೆ ಹೋಗಿ ಸಾಲ್ಮನ್ ಇದೆಯಾ ಎಂದು ಕೇಳಿದೆ. ಅಂಗಡಿಯವನು ಮೇಲಿನ ಸಾಲಿನ ಕಡೆ ಕೈ ತೋರಿಸಿದ.

"ಐತೆ ಅಕ್ಕಾ. ಆದ್ರೆ ಅದನ್ನ ಯಾರೂ ತಕ್ಕೊಳಲ್ಲ."

"ಮತ್ತೆ ಯಾಕೆ ಇಟ್ಟಿದೀರ?"

"ಏಜೆಂಟು ಬ್ಯಾರೆ ಸಾಮಾನಿನ್ ಜೊತೆ ತಳ್ಬಿಟ್ಟು ಓದ. ಅಂಗಡಿಗೆ ಒಂದ್ ಕಳೆ ಇರ್ತದೆ ಅಂತ ಮೇಲಿಕ್ಕಿದೀನಿ."

ಸ್ಟೂಲು ಹಾಕಿಕೊಟ್ಟ. ಮೇಲಿನ ಸಾಲಿನಲ್ಲಿ, ಓಟ್ಸ್ ಪೊಟ್ಟಣಗಳ ಪಕ್ಕದಲ್ಲಿ, ಮೂರು ಥರದ ಡಬ್ಬಗಳಿದ್ದವು. ಬಟ್ಟೆಯಾದರೆ ಬೆರಳಲ್ಲಿ ಮುಟ್ಟಿದರೆ ನನಗೆ ಗೊತ್ತಾಗುತ್ತದೆ. ಡಬ್ಬದ ವಿಷಯದಲ್ಲಿ ಓದುವುದೊಂದೇ ದಾರಿ. ಅಕ್ಷರ ಸಣ್ಣದಾಗಿದ್ದರಿಂದ ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ, ಸ್ಟೂಲಿನ ಮೇಲೆ ಕುಳಿತು ಒಂದೊಂದಾಗಿ ಓದಿದೆ.

ಮೊದಲನೆಯದು ಕಡುಗೆಂಪು ಮೀನು. ಚಿತ್ರ ಬಹಳ ಚೆನ್ನಾಗಿತ್ತು, ಬೆಲೆಯೂ ಹಾಗೇ ಇತ್ತು. ಎರಡನೆಯದು ಚರ್ಮ, ಮುಳ್ಳು ಎರಡನ್ನೂ ತೆಗೆದು ಎಣ್ಣೆಯಲ್ಲಿ ಹಾಕಿದ್ದು, ಅದಕ್ಕೆ ಇನ್ನೂ ಜಾಸ್ತಿ. ನಮಗೆ ಬೇಕಾಗಿದ್ದದ್ದೇ ಮುಳ್ಳು. ಅದನ್ನು ತೆಗೆದುಹಾಕಿದ ಶ್ರಮಕ್ಕೆ ನಾವು ದುಡ್ಡು ಕೊಡುವುದರಲ್ಲಿ ಅರ್ಥವಿರಲಿಲ್ಲ. ಮೂರನೆಯದು ತಿಳಿಗುಲಾಬಿ ಬಣ್ಣದ ಮೀನು, ನೀರಿನಲ್ಲಿ ಹಾಕಿದ್ದು, ಮುಳ್ಳು ಸಮೇತ. ಎಲ್ಲಕ್ಕಿಂತ ಅಗ್ಗ. ಪ್ರೋಟೀನು ಹೆಚ್ಚುಕಡಿಮೆ ಮೂರರಲ್ಲೂ ಒಂದೇ. ಕ್ಯಾಲ್ಸಿಯಂ ಮಾತ್ರ ಮುಳ್ಳಿಲ್ಲದ್ದರಲ್ಲಿ ಹೆಸರಿಗಷ್ಟೇ ಇತ್ತು. ಅತ್ತೆಗೆ ಬಿ.ಪಿ. ಇದೆಯಲ್ಲ ಎಂದು ಉಪ್ಪು ನೋಡಿದೆ. ಮೂರನೆಯದರಲ್ಲಿ ಮೇಲುಪ್ಪು ಹಾಕಿಲ್ಲ ಎಂದು ಬರೆದಿತ್ತು. ನೀರು ಬಸಿದ ಮೇಲೆ ಮೀನು ಎಷ್ಟು ತೂಕ ಉಳಿಯುತ್ತದೆ ಎಂಬುದನ್ನೂ ಬೇರೆಯಾಗಿ ಕೊಟ್ಟಿದ್ದರು. ಆ ಥರದ ನಾಲ್ಕು ಡಬ್ಬಗಳಲ್ಲಿ ಎರಡರ ಅಂಚು ನೆಗ್ಗಿತ್ತು, ಒಂದರ ತಾರೀಖು ಮುಗಿಯುತ್ತ ಬಂದಿತ್ತು. ನಾಲ್ಕನೆಯದನ್ನು ತೆಗೆದುಕೊಂಡೆ.

"ಅಗ್ಗದ್ದು ತಕ್ಕೊಂಡ್ರಾ ಅಕ್ಕಾ?" ಎಂದ ಅಂಗಡಿಯವನು, ಸ್ವಲ್ಪ ನಿರಾಸೆಯಿಂದ.

ಮನೆಯಲ್ಲಿ ಡಬ್ಬ ತೆರೆದಾಗ ಅತ್ತೆ ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಕುಳಿತಿದ್ದರು. ಅಡುಗೆಮನೆಗೆ ಅದಕ್ಕಿಂತ ಹತ್ತಿರ ಬರಲು ಒಪ್ಪಲಿಲ್ಲ.

"ಬಣ್ಣ ಆಕವ್ರೆ" ಎಂದರು.

"ಇಲ್ಲ ಅತ್ತೆ, ಆ ಮೀನಿನ ಬಣ್ಣವೇ ಹಾಗೆ."

ನಡುವಿನ ಮುಳ್ಳು ಸಣ್ಣ ಸಣ್ಣ ಬಿಲ್ಲೆಗಳಾಗಿ ಬಿಡಿಸಿಕೊಂಡು ಬಂತು. ಒಂದು ಬಿಲ್ಲೆಯನ್ನು ಅವರೆದುರಿಗೆ ಎರಡು ಬೆರಳ ನಡುವೆ ಒತ್ತಿದೆ. ಬಳಪದ ಹಾಗೆ ಪುಡಿಯಾಯಿತು. ಇನ್ನೊಂದನ್ನು ಬಾಯಿಗೆ ಹಾಕಿಕೊಂಡು ಅಗಿದು ನುಂಗಿದೆ. ಅತ್ತೆ ನನ್ನ ಗಂಟಲನ್ನೇ ನೋಡುತ್ತಿದ್ದರು. ಅವರ ಎಡಗೈ ಅವರ ಗಂಟಲ ಮೇಲಿತ್ತು.

"ಇಳೀತಾ?"

"ಇಳೀತು."

"ನೀರು ಕುಡಿ."

ಕುಡಿದೆ. ಆಮೇಲೆ ಅವರು, ನಾನು ಕೇಳದೆಯೇ, ಹಳೆಯದನ್ನು ಹೇಳಿದರು. ಮುಳ್ಳು ಸಿಕ್ಕಿಕೊಂಡದ್ದು ಗಣಿ ಮುಚ್ಚುವುದಕ್ಕೆ ಮುಂಚೆ, ಮಾವ ನಂದಿದುರ್ಗ ಎಂಬ ಗಣಿಯಲ್ಲಿ ಕೆಲಸಕ್ಕಿದ್ದಾಗ. ಅವತ್ತು ಶಿಫ್ಟ್ ಮುಗಿಸಿ ಬರುವಾಗ ಮೀನು ತಂದವರು ಮಾವನೇ. ಅತ್ತೆಯನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಆಸ್ಪತ್ರೆಗೆ ತುಳಿದವರೂ ಅವರೇ. ದಾರಿಯುದ್ದಕ್ಕೂ "ಇನ್ ಜನ್ಮದಲ್ಲಿ ಮೀನ್ ತರಲ್ಲ" ಎನ್ನುತ್ತಿದ್ದರಂತೆ. ತರಲೂ ಇಲ್ಲ.

"ಅವ್ರಿಗೆ ಮೀನಂದ್ರೆ ಪ್ರಾಣ. ನಾನು ತಿನ್ನಲ್ಲ ಅಂದೆ ಅಷ್ಟೇ. ನೀವೂ ತಿನ್ಬ್ಯಾಡಿ ಅಂತ ನಾನು ಏಳ್ಲಿಲ್ಲ. ತಿನ್ನಿ ಅಂತಾನೂ ಏಳ್ಲಿಲ್ಲ. ಕೊನೇವರ್ಗೂ ಅಂಗೇ ಇದ್ಬಿಟ್ರು."

ನಾನು ಈರುಳ್ಳಿ ಹೆಚ್ಚಲು ಶುರುಮಾಡಿದೆ. ಅತ್ತೆ ಕುರ್ಚಿಯನ್ನು ಎಡಗೈಯಲ್ಲಿ ಎಳೆದುಕೊಂಡು ಒಳಗೆ ಬಂದರು. "ಅಷ್ಟ್ ದಪ್ಪ ಎಚ್ಬ್ಯಾಡ. ಪುಟ್ಟು ಮಾಡಾನ. ಬೆಳ್ಳುಳ್ಳಿ ಜಾಸ್ತಿ ಆಕು" ಎಂದರು. ಬಾಣಂತಿಯರಿಗೆ ಸೊರ ಎನ್ನುವ ಶಾರ್ಕ್ ಮೀನಿನಲ್ಲಿ ಮಾಡಿಕೊಡುವ ಪುಟ್ಟು ನಮ್ಮ ಲೈನಿನಲ್ಲಿ ಎಲ್ಲರಿಗೂ ಗೊತ್ತು. ಮೀನನ್ನು ಪುಡಿ ಮಾಡಿ ಈರುಳ್ಳಿ, ಹಸಿಮೆಣಸು, ಬೆಳ್ಳುಳ್ಳಿಯ ಜೊತೆ ಬಾಣಲೆಯಲ್ಲಿ ಉದುರುದುರಾಗಿ ಹುರಿಯಬೇಕು. ನಾನು ಮುಳ್ಳನ್ನೆಲ್ಲ ಬೆರಳಲ್ಲಿ ಒತ್ತಿ ಅದರಲ್ಲೇ ಬೆರೆಸಿದೆ. ಬಾಣಲೆಗೆ ಹಾಕುವ ಮುಂಚೆ ಅತ್ತೆ ಆ ಪುಡಿಯ ತಟ್ಟೆಯನ್ನು ತರಿಸಿಕೊಂಡು ಎಡಗೈ ಬೆರಳಿಂದ ಪೂರ್ತಿ ತಡವಿ ನೋಡಿದರು. ಹಾಗೆ ನೋಡಲು ಕಾಲು ಗಂಟೆ ಹಿಡಿಯಿತು.

ಕೆಲಸದಿಂದ ಬಂದ ನನ್ನ ಗಂಡ ಬಾಗಿಲಲ್ಲೇ ನಿಂತು, "ಏನ್ ವಾಸ್ನೆ?" ಎಂದರು.

"ಮೀನು. ಕೈ ತೊಳ್ಕೊಂಡು ಬಾ" ಎಂದರು ಅತ್ತೆ.

ನನ್ನ ಗಂಡ ಕೈ ತೊಳೆದುಕೊಂಡು ಬಂದು ಕುಳಿತರು. ಮುದ್ದೆ, ಸೊಪ್ಪಿನ ಸಾರು, ಪಕ್ಕದಲ್ಲಿ ಪುಟ್ಟು. ಅತ್ತೆ ಮೊದಲ ತುತ್ತನ್ನು ಬಹಳ ಹೊತ್ತು ಬಾಯಲ್ಲೇ ಇಟ್ಟುಕೊಂಡರು. ನಾವಿಬ್ಬರೂ ತಟ್ಟೆ ನೋಡುವಂತೆ ನಟಿಸಿದೆವು. ನುಂಗಿದರು. ಉಪ್ಪು ಕಮ್ಮಿ ಎಂದರು. ಎರಡನೇ ಸಲ ಹಾಕಿಸಿಕೊಂಡರು.

ಅಲ್ಲಿಂದ ಮುಂದೆ ಅಂಗಡಿಯವನಿಗೆ ಹೇಳಿ ತರಿಸಿ, ಹದಿನೈದು ದಿನಕ್ಕೊಂದು ಡಬ್ಬ ತರುತ್ತಿದ್ದೆ. ಹಿಟ್ಟು ಬಿಚ್ಚಿದಾಗ ಮಣಿಕಟ್ಟು ಸ್ವಲ್ಪ ಸೊಟ್ಟಗೇ ಕೂಡಿಕೊಂಡಿತ್ತು. ಮೀನು ತಿಂದೂ ಹೀಗ್ಯಾಕೆ ಎಂದು ಅತ್ತೆ ಕೇಳಿದರು. ಮೀನು ಮೂಳೆಯನ್ನು ಗಟ್ಟಿ ಮಾಡಬಹುದು, ನೆಟ್ಟಗೆ ಮಾಡುವುದಿಲ್ಲ ಎಂದರು ಡಾಕ್ಟರು. ಆದರೂ ಅತ್ತೆಗೆ ಮುದ್ದೆ ತಿರುವಲು ತೊಂದರೆಯಿಲ್ಲ.

ಪಿತೃಪಕ್ಷ ಬಂತು. ಪ್ರತಿ ವರ್ಷ ಮಾವನ ಫೋಟೋದ ಮುಂದೆ ಎಡೆಗೆ ವಡೆ, ಪಾಯಸ, ಕೋಳಿ ಸಾರು ಇಡುತ್ತಿದ್ದೆವು. ಈ ಸಲ ಅತ್ತೆ ಹಿಂದಿನ ದಿನವೇ ನನ್ನನ್ನು ಕರೆದು, "ಮೀನೂ ಇಕ್ಕಾನ" ಎಂದರು. ಅವತ್ತು ಮಾರ್ಕೆಟ್ಟಿನಲ್ಲಿ ಒಳ್ಳೆಯ ಹಸಿಮೀನು ಸಿಗಲಿಲ್ಲ. ಡಬ್ಬದ್ದನ್ನೇ ತಂದೆ. ಮಾವ ಬದುಕಿದ್ದಾಗ ಸಾಲ್ಮನ್ ಎಂಬ ಹೆಸರನ್ನೂ ಕೇಳಿದವರಲ್ಲ. ಅತ್ತೆ ಎಲೆಯ ತುದಿಯಲ್ಲಿ ಪುಟ್ಟು ಬಡಿಸಿ, ಸೊಟ್ಟ ಕೈಯಲ್ಲೇ ಅದನ್ನು ಒಂದು ಗುಪ್ಪೆಯಾಗಿ ಸರಿಮಾಡಿ, "ಡಬ್ಬದ್ದು. ತಿನ್ನಿ" ಎಂದರು. ಆಮೇಲೆ, ಹಿರಿಯರು ಬಂದು ಉಣ್ಣಲೆಂದು, ಬಾಗಿಲು ಮುಂದಕ್ಕೆ ಎಳೆದುಕೊಂಡು ನಾವು ಮೂವರೂ ಆಚೆ ಕುಳಿತೆವು.