ಯಾವ್ದು ಇಡ್ಲಿ?

ಮಕ್ಕಳೇ, ನಮ್ಮ ಗಡಿಯೂರು ನಾರಾಯಣಪೇಟೆಯ ಮನೆಯ ಮೇಲಿನ ಕೋಣೆಗೆ ಬಾಡಿಗೆಗೆ ಬಂದಿದ್ದ ಹುಡುಗಿ ಒಂದು ದಿನ ಲ್ಯಾಪ್‌ಟಾಪಿನ ಮುಂದೆ ಕೂತು ಜಡೆಯ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ, "ಯಾವ್ದು ಇಡ್ಲಿ? ಯಾವ್ದು ಇಡ್ಲಿ?" ಎಂದು ಗೊಣಗುತ್ತಿದ್ದಳು. ಪಾಪ, ಬಾಯಿಬಿಟ್ಟು ಕೇಳಲು ನಾಚಿಕೆಯೇನೋ ಎಂದು ಇಡ್ಲಿ ಬೇಯಿಸಿ ಒಯ್ದೆ.

ತಟ್ಟೆ ನೋಡಿ ನಕ್ಕಳು. ಕಣ್ಣಲ್ಲಿ ಮಾತ್ರ ನೀರಿತ್ತು.

"ತಿನ್ನೋ ಇಡ್ಲಿ ಅಲ್ರೀ ಅಮ್ಮಾ! ಗದ್ವಾಲದ ಸೀರಿ ಅಂಗಡಿ ಆ್ಯಪಿಗೆ ಒಂದು ಸಾಲು ಬರದಿದ್ದೆ. ನಡುವ ಬ್ಯಾರೆ ಕೆಲಸ ಬಂತಂತ ಅದನ್ನ ಬದೀಗಿಟ್ಟೆ. ಅಷ್ಟರಾಗ ಜೊತಿಯವ ಅದೇ ಸಾಲು ತಿದ್ದ್ಯಾನ. ಈಗ ನಂದು ವಾಪಸ್ ತಂದ್ರ ಎರಡಕ್ಕೂ ಜಗಳ. ಯಾವ್ದು ಇಡಬೇಕಂತ ಕಂಪ್ಯೂಟರ್ ಕೇಳತೈತಿ. ಸಂಜಿಯೊಳಗ ಕೊಡಲಿಲ್ಲಂದ್ರ ಕೆಲಸ ಹೋಗತೈತಿ."

"ಏನೈತವ್ವಾ ಆ ಸಾಲಿನಾಗ?"

"ನಾ ಕನ್ನಡದಾಗ 'ಬರ್ರಿ' ಅಂತ ಬರದಿದ್ದೆ. ಅವ ಅದನ್ನೇ ತೆಲುಗಿನಾಗ 'ದಯಚೇಯಂಡಿ' ಅಂತ ಮಾಡ್ಯಾನ."

"ಬಾಗಲಿಗೆ ಬಂದೋರನ್ನ ನಾವು ಎರಡರಾಗೂ ಕರೀತೀವಲ್ಲವ್ವಾ?"

ಜಡೆ ಬೆರಳಿನಿಂದ ಜಾರಿತು. ಎರಡೂ ಮಾತು ಉಳಿಸಿ, ಹೊತ್ತು ಮುಳುಗುವ ಮೊದಲೇ ಕಳಿಸಿದಳು. ಆಮೇಲೆ ತಟ್ಟೆ ಎಳೆದುಕೊಂಡು ಗಬಗಬ ತಿಂದಳು. ನಾನು ತಂದಿದ್ದ ಡಬ್ಬಿಯಲ್ಲಿ ಇನ್ನೆರಡು ಉಳಿದಿದ್ದವು.

"ಇನ್ನೊಂದು ಇಡ್ಲೇನವ್ವಾ?" ಎಂದೆ.

"ಎರಡೂ ಇಡ್ರೀ ಅಮ್ಮಾ."