ಧಾರೆ ಸೀರೆಗೆ ಸೋಕಿದ ಕಾಲು

ನಾನು ರೇಷ್ಮೆ ಸೀರೆ ಅಂಗಡಿಯಲ್ಲಿ ಸೀರೆ ತೋರಿಸುವವನು. ಬಿಳಿ ಹಾಸಿನ ಮೇಲೆ ಗಿರಾಕಿಗಳು ಆ ಕಡೆ, ನಾನು ಈ ಕಡೆ. ಎಡಗಾಲು ಮಡಚಿ, ಭಾರವೆಲ್ಲ ಅದರ ಮೇಲೆ ಹಾಕಿ ಕೂತರೆ ಊಟದ ಹೊತ್ತಿನವರೆಗೂ ಏಳುತ್ತಿರಲಿಲ್ಲ. ಹಿಂದಿನ ಕಪಾಟಿನಿಂದ ಸೀರೆ ತೆಗೆಯಲೂ ಸೊಂಟ ತಿರುಗಿಸುತ್ತಿದ್ದೆ ಅಷ್ಟೇ. ಕೂತಲ್ಲೇ ಇಡೀ ಅಂಗಡಿ ಇಳಿಸಬಲ್ಲೆ ಎಂಬ ಜಂಬ ಬೇರೆ. ಪ್ಯಾಂಟಿನ ಹಿಂಜೇಬಿನಲ್ಲಿ ದಪ್ಪ ಪರ್ಸು. ಅದರ ಮೇಲೇ ಕೂರುತ್ತಿದ್ದೆ.

ಒಂದು ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಕುಂಡಿಯಿಂದ ಹಿಮ್ಮಡಿಯವರೆಗೆ ನೋವು ಎಳೆಯತೊಡಗಿತು. ಹೆಂಡತಿ ಕೇಳಿದರೆ ಜೋಮು ಹಿಡಿದಿದೆ ಎನ್ನುತ್ತಿದ್ದೆ. ಕುಂಡಿ ನೋವೆಂದು ಯಾರ ಮುಂದೆ ಹೇಳುವುದು?

ಮದುವೆಗಳ ಕಾಲ ಬಂತು. ಒಂದು ಮಧ್ಯಾಹ್ನ ಬನ್ನಿಮಂಟಪದಿಂದ ತಾಯಿ ಮಗಳು ಬಂದರು. ಬಹಳ ಹೊತ್ತು ನೋಡಿ, ಕೆಂಪಂಚಿನ ಹಾಲುಬಣ್ಣದ ಸೀರೆಯೊಂದನ್ನು ಧಾರೆಗೆಂದು ಆರಿಸಿದರು. ಮಗಳು ಸೆರಗನ್ನು ಹೆಗಲಿಗೆ ಹಾಕಿಕೊಂಡು ಕನ್ನಡಿ ನೋಡಿ, ಸೀರೆಯನ್ನು ಹಾಸಿನ ಮೇಲಿಟ್ಟಳು. ರವಿಕೆ ಬಟ್ಟೆ ತೆಗೆಯಲು ನಾನು ಹಿಂದಕ್ಕೆ ತಿರುಗಿದೆ. ಸೊಂಟದಲ್ಲಿ ಏನೋ ಹಿಡಿದುಕೊಂಡಿತು. ಮಡಚಿದ ಕಾಲು ನನ್ನ ಹಿಡಿತ ತಪ್ಪಿ ಮುಂದಕ್ಕೆ ಚಾಚಿಕೊಂಡಿತು. ನೋಡಿದರೆ ನನ್ನ ಪಾದ ಆ ಸೀರೆಯ ಮೇಲಿತ್ತು.

ಎಳೆದುಕೊಳ್ಳಲು ಆಗಲಿಲ್ಲ. ಎರಡೂ ಕೈಯಲ್ಲಿ ಮೊಣಕಾಲು ಹಿಡಿದು ಎತ್ತಿಕೊಂಡೆ. ಸೀರೆ ಮುಟ್ಟಿ ಕಣ್ಣಿಗೊತ್ತಿಕೊಂಡು, "ತಪ್ಪಾಯ್ತಮ್ಮ, ಕಾಲು ಹಿಡ್ಕೊಂಬುಡ್ತು" ಎಂದೆ.

ತಾಯಿ ಬೈಯಲಿಲ್ಲ. "ಪರವಾಗಿಲ್ಲ ಬುಡಿ. ಬೇರೆ ಯಾವ್ದಾದ್ರೂ ತೋರ್ಸಿ" ಎಂದರು. ಮಗಳು ಆ ಸೀರೆಯನ್ನೇ ನೋಡುತ್ತಾ ಅಮ್ಮನ ಕಿವಿಯಲ್ಲಿ ಏನೋ ಹೇಳಿದಳು. ಅವರು ಬೇಡವೆಂದು ತಲೆಯಾಡಿಸಿದರು. ಬೇರೆ ತೋರಿಸಲು ನನಗೆ ಅಲುಗಾಡಲೂ ಆಗುತ್ತಿರಲಿಲ್ಲ. ಸಾಹುಕಾರರು ಗಲ್ಲಾ ಬಿಟ್ಟು ಬಂದು ರಟ್ಟೆ ಹಿಡಿದು ಎಬ್ಬಿಸುವಷ್ಟರಲ್ಲಿ ತಾಯಿ ಮಗಳು ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದರು.

ಒಂಟಿಕೊಪ್ಪಲಿನ ಡಾಕ್ಟರು ನಾನು ಅಂಗಡಿಯಲ್ಲಿ ಕೂರುವ ಬಗೆಯನ್ನು ನೆಲದ ಮೇಲೆ ಮಾಡಿಸಿ ನೋಡಿದರು. ಸೊಂಟದಿಂದ ಕಾಲಿಗಿಳಿಯುವ ನರ ಕೆರಳಿದೆ, ಸಯಾಟಿಕಾ ಎಂದರು. ಒಂದೇ ಮಗ್ಗುಲಿಗೆ ಭಾರ ಹಾಕಿ ಗಂಟೆಗಟ್ಟಲೆ ಕೂರುವುದು, ಕೂತೇ ಸೊಂಟ ತಿರುಚುವುದು, ಪರ್ಸಿನ ಮೇಲೆ ಕೂರುವುದು, ಎಲ್ಲವೂ ಸೇರಿ ಹೀಗಾಗಿರಬಹುದಂತೆ.

"ಒಂದಿನದಲ್ಲಿ ಬಂದಿದ್ದಲ್ಲ ಕಣ್ರೀ ಇದು. ಆಗಾಗ ಎದ್ದು ಓಡಾಡ್ತಾ ಇರಿ."

ಸಾಹುಕಾರರು ಸ್ಟೂಲು ತರಿಸಿಕೊಟ್ಟರು. ವಯಸ್ಸಾದ ಹೆಂಗಸರು ನೆಲದಲ್ಲಿ ಕೂತು ಕತ್ತೆತ್ತಿ ನನ್ನನ್ನು ನೋಡುವಾಗ ಸಂಕೋಚದಿಂದ ಮೈ ಹಿಡಿಯಾಗುತ್ತಿತ್ತು. ಕೊನೆಗೆ ನಿಂತೇ ತೋರಿಸುವುದನ್ನು ರೂಢಿ ಮಾಡಿಕೊಂಡೆ. ಪರ್ಸು ಅಂಗಿ ಜೇಬಿಗೆ ಬಂತು. ಕೆಲವು ತಿಂಗಳಲ್ಲಿ ನೋವು ಬಹುಪಾಲು ಇಳಿಯಿತು.

ಆ ಸೀರೆಯನ್ನು ಮಡಚಿ ಕಪಾಟಿಗಿಟ್ಟವನು ನಾನೇ. ಮುಂದೊಂದು ದಿನ ಬೇರೊಂದು ಮನೆಯವರು ಬಂದರು, ಅವರೂ ಧಾರೆಗೆಂದೇ ಕೇಳಿದರು. ಜೊತೆಯ ಕೆಲಸಗಾರ ಅದನ್ನು ಬಿಡಿಸಿ ಹಾಕಿದಾಗ ಅವರ ಮುಖ ಅರಳಿತು. ನಾನು ನೀರು ಕುಡಿಯುವ ನೆಪ ಮಾಡಿ ಒಳಗೆ ಹೋದೆ. ಅವರು ಬಿಲ್ಲು ಮಾಡಿಸಿಕೊಂಡು ಹೊರಡುವವರೆಗೂ ಹೊರಗೆ ಬರಲಿಲ್ಲ.